ಮುನಿಯಮ್ಮನ ಹೊಲ, ನಮ್ಮ ಮೂರನೇ ಭಾಗ

೨೦೦೨ರಲ್ಲಿ ನಾನು ಜೆ.ಪಿ. ನಗರದಲ್ಲಿ ತಯಾರಾಗುತ್ತಿದ್ದ ಒಂದು ಕ್ರೈಂ ಧಾರಾವಾಹಿಗೆ ಸಂಭಾಷಣೆ ಬರೆಯುತ್ತಿದ್ದೆ. ಅದರಲ್ಲಿ ನಾಯಕನೇ ಖಳ, ಬಡವರ ಜಮೀನು ನುಂಗುವ ಬ್ರೋಕರ್. ವರ್ಷಕ್ಕೊಂದು ಭಾಗದಂತೆ ಮೂರು ಭಾಗ ಮಾಡಿದೆವು.

ಮೊದಲ ಭಾಗದ ಶೂಟಿಂಗ್ ನಡೆದದ್ದು ಪುಟ್ಟೇನಹಳ್ಳಿಯ ಮುನಿಯಮ್ಮನವರ ಹೆಂಚಿನ ಮನೆಯಲ್ಲಿ. ಒಂದು ದಿನ ಟೀ ಕೊಡುತ್ತಾ ಅವರು ತಮ್ಮ ಕಥೆ ಹೇಳಿದರು. ರೇಷನ್ ಕಾರ್ಡ್ ಮಾಡಿಸಿಕೊಡುತ್ತೇನೆಂದು ಒಬ್ಬ ಬ್ರೋಕರ್ ಖಾಲಿ ಹಾಳೆಗೆ ಅವರ ಹೆಬ್ಬೆಟ್ಟು ಒತ್ತಿಸಿಕೊಂಡು ಕೆರೆ ಪಕ್ಕದ ಹೊಲ ಲಪಟಾಯಿಸಿದ್ದ. ಕೋರ್ಟಿನಲ್ಲಿ ಕೇಸು ನಡೆಯುತ್ತಿತ್ತು. ಸಾಕ್ಷಿ ಹೇಳಲು ಒಪ್ಪಿದ್ದವನು ಪಕ್ಕದ ಮನೆಯ ನಂಜಪ್ಪ ಒಬ್ಬನೇ. ಮುನಿಯಮ್ಮನವರನ್ನು ಕೇಳಿಯೇ ಆ ಘಟನೆಯನ್ನು ಧಾರಾವಾಹಿಯಲ್ಲಿ ಒಬ್ಬ ಅಜ್ಜಿಗೆ ಆದದ್ದೆಂದು ಬರೆದೆ. ಪ್ರಸಾರವಾದ ಮರುದಿನ ಮುನಿಯಮ್ಮ ಬೀದಿಗೆಲ್ಲ ಸಾರಿದರು: "ಅದು ನನ್ ಕತೆನೇ ಕಣ್ರಪ್ಪಾ!"

ಆದರೆ ಜನ ಮೆಚ್ಚಿದ್ದು ಧಾರಾವಾಹಿಯ ಆ ಬ್ರೋಕರನನ್ನು. ಎಷ್ಟು ಮನೆಗಳಲ್ಲಿ ನೋಡುತ್ತಾರೆಂದು ಅಳೆಯುವ ಟಿಆರ್‌ಪಿ ಏರಿತು. ಎರಡನೇ ಭಾಗದಲ್ಲಿ ಅವನಿಗೊಬ್ಬಳು ಕಾಯಿಲೆಯ ತಾಯಿ ಬಂದಳು. ಮೂರನೆಯದರಲ್ಲಿ ಅವನಿಗಿಂತ ದೊಡ್ಡ ದುಷ್ಟ ಬಂದ, ಇವನು ದೇವರಾದ. ನಾಯಕನಿಗೆ ಬಂಗಲೆ ಬಂದದ್ದರಿಂದ ಹೆಂಚಿನ ಮನೆಯನ್ನೂ ಬಿಟ್ಟೆವು. ಹಳೆಯ ಪಾಪಗಳನ್ನು ಒಂದೊಂದಾಗಿ ತೊಳೆಯುವುದೇ ನನ್ನ ಕೆಲಸವಾಯಿತು. ಕೊನೆಗೆ ಉಳಿದದ್ದು ಆ ಹೆಬ್ಬೆಟ್ಟು.

"ಸಾರ್, ಅಜ್ಜಿನೇ ಇಷ್ಟಪಟ್ಟು ಕೊಟ್ಲು ಅಂತ ಮಾಡ್ಬಿಡಿ, ಮುಗೀತು," ಎಂದರು ನಿರ್ದೇಶಕರು.

ಕ್ಯಾಮೆರಾ ಕಾಯುತ್ತಿತ್ತು. ಹತ್ತು ನಿಮಿಷದಲ್ಲಿ ಬರೆದುಕೊಟ್ಟೆ. ಅಜ್ಜಿಯ ಪಾತ್ರಧಾರಿ "ನೀನೂ ನನ್ ಮಗನೇ ಅಲ್ವೇನಪ್ಪಾ" ಎಂದು ಅವನ ತಲೆ ಸವರಿದಾಗ ಸೆಟ್ಟಿನಲ್ಲಿ ಕೆಲವರು ಕಣ್ಣೊರೆಸಿಕೊಂಡರು. ಸುಳ್ಳೇಕೆ ಹೇಳಲಿ, ನಾನೂ ಬೀಗಿದೆ.

ಪ್ರಸಾರವಾದ ವಾರದೊಳಗೆ ಮುನಿಯಮ್ಮ ನಮ್ಮ ಆಫೀಸು ಹುಡುಕಿಕೊಂಡು ಬಂದರು.

"ನಂಜಪ್ಪ ಸಾಕ್ಷಿ ಹೇಳಕ್ಕೆ ಬರಲ್ವಂತೆ ಸಾರ್. 'ನೀನೇ ಕೊಟ್ಟಿದ್ದಂತಲ್ಲಕ್ಕಾ, ಟೀವೀಲೇ ತೋರ್ಸವ್ರೆ' ಅಂತಾನೆ."

ಅವನಿಗೆ ಬೇಕಿದ್ದದ್ದು ಒಂದು ನೆಪ. ಅದನ್ನು ಒದಗಿಸಿದವನು ನಾನು.

"ಅದು ಬರೀ ಕಥೆ ಅಮ್ಮ," ಎಂದೆ.

"ಆವತ್ತು ನನ್ ಕತೆ ಅಂದ್ರಿ, ಇವತ್ತು ಬರೀ ಕತೆ ಅಂತೀರಾ?"

ನಾನೇ ಹೋಗಿ ನಂಜಪ್ಪನ ಕೈಕಾಲು ಹಿಡಿದೆ. ಅವನು ಜಗ್ಗಲಿಲ್ಲ. ಕೇಸು ಬಿದ್ದುಹೋಯಿತು. ಆ ಹೊಲದಲ್ಲಿ ಈಗ ಅಪಾರ್ಟ್‌ಮೆಂಟ್ ಇದೆ.

ಕೆಟ್ಟವನನ್ನು ಒಳ್ಳೆಯವನನ್ನಾಗಿ ಮಾಡುವುದು ಬರೆಯುವವನಿಗೆ ಕಷ್ಟವಲ್ಲ. ಅವನಿಂದ ನೊಂದವರ ಪರವಾಗಿ ಕ್ಷಮಿಸುವ ಅಧಿಕಾರ ಮಾತ್ರ ನಮಗಿಲ್ಲ. ಇದು ನನಗೆ ತಡವಾಗಿ ತಿಳಿಯಿತು. ತಿಳಿಸಿದ್ದು ಅಂದು ಆಫೀಸಿನ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಮುನಿಯಮ್ಮ ಆಡಿದ ಮಾತು:

"ಅವ್ನಾದ್ರೂ ನನ್ ಕೈ ಹಿಡ್ದು ಒತ್ತಿಸ್ಕೊಂಡ ಸಾರ್. ನೀವು ನನ್ನ ಕೇಳ್ಲೂ ಇಲ್ಲ."