ಅಧ್ಯಕ್ಷರ ಹಿಂದೆ ನಡೆದ ಸಭೆ

2003ರಲ್ಲಿ ನಾನು ತುಮಕೂರಿನಲ್ಲಿ, ಹಳ್ಳಿಗಳಿಂದ ಹಾಲು ಸಂಗ್ರಹಿಸುವ ಸಹಕಾರಿ ಸಂಸ್ಥೆಯೊಂದರಲ್ಲಿ ತರಬೇತಿ ಅಧಿಕಾರಿಯಾಗಿದ್ದೆ. ಸಮಾಜಕಾರ್ಯದಲ್ಲಿ ಎಂ.ಎ. ಮುಗಿಸಿ ಎರಡು ವರ್ಷವಾಗಿತ್ತು. ಸದಾಶಿವನಗರದಲ್ಲಿ ಬಾಡಿಗೆ ಕೋಣೆ. ಹೆಚ್ಚು ಮಾತಾಡುವ ಸ್ವಭಾವ ನನ್ನದಲ್ಲ. ಆದರೂ ಸಭೆ ನಡೆಸುವ ಕೆಲಸವನ್ನು ನನಗೇ ಕೊಟ್ಟಿದ್ದರು.

ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳ ಹಾಲು ಸಂಘಗಳ ಕಾರ್ಯದರ್ಶಿಗಳ ಸಭೆ ವರ್ಷಕ್ಕೆ ಎರಡು ಬಾರಿ ನಡೆಯುತ್ತಿತ್ತು. ಸ್ವಾಗತ, ಹಾರ, ಹಿಂದಿನ ಸಭೆಯ ನಡವಳಿ ಓದುವುದು, ಆಮೇಲೆ ಅಜೆಂಡಾದ ಹನ್ನೊಂದು ವಿಷಯಗಳು. ಹಳ್ಳಿಯವರು ತಮ್ಮ ಕಷ್ಟ ಹೇಳಲು ಇದ್ದ ಜಾಗ ಹನ್ನೊಂದನೆಯದು: ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರ ವಿಷಯಗಳು’. ಅಷ್ಟು ಹೊತ್ತಿಗೆ ಕೆಳಗಿನ ಮಹಡಿಯಿಂದ ಸಾರಿನ ಒಗ್ಗರಣೆಯ ವಾಸನೆ ಬಂದು, ಯಾರಿಗೂ ಇತರ ವಿಷಯ ನೆನಪಿರುತ್ತಿರಲಿಲ್ಲ.

ಆ ಸಲದ ಸಭೆಗೆ ಒಂದು ವಾರ ಮೊದಲು ಹುತ್ರಿದುರ್ಗದ ಕಡೆಯಿಂದ ಪುಟ್ಟಗಂಗಮ್ಮ ಎಂಬವರು ಕಚೇರಿಗೆ ಬಂದರು. ಇಪ್ಪತ್ತಾರು ಹೆಂಗಸರ ಹಾಲು ಸಂಘವೊಂದರ ಕಾರ್ಯದರ್ಶಿ.

“ಒಂದ್ನೇ ತಾರೀಕಿಂದ ಹಾಲಿನ ವ್ಯಾನು ನಮ್ಮೂರಿಗೆ ಬರಕಿಲ್ವಂತೆ ಕಣವ್ವ. ಟಾರ್ ರೋಡಿಗೆ ನೀವೇ ತಂದು ಕೊಡಿ ಅಂತವ್ರೆ. ಕ್ಯಾನ್ ಹೊತ್ಕಂಡು ಮೂರ್ ಮೈಲಿ ನಡಿಯೋಷ್ಟ್ರಲ್ಲಿ ಹಾಲು ಒಡೆದೋಯ್ತದೆ. ಸಂಗ ಮುಚ್ಚೋದೇಯ.”

ನಮ್ಮ ವ್ಯವಸ್ಥಾಪಕ ನಂಜುಂಡಯ್ಯನವರು ಕಡತದಿಂದ ತಲೆ ಎತ್ತದೆ, “ಸಭೇಲಿ ಠರಾವಾದ್ರೆ ವ್ಯಾನು ಬರುತ್ತೆ. ಆಗ್ದಿದ್ರೆ ಇಲ್ಲ” ಎಂದರು.

ಆ ದಿನಗಳಲ್ಲಿ ನಾನು ಬೆಂಗಳೂರಿನಲ್ಲಿ ಒಂದು ತರಬೇತಿ ಮುಗಿಸಿ ಬಂದಿದ್ದೆ. ಅಲ್ಲಿ ಕಲಿಸಿದ ಸಭೆಗೆ ಅಜೆಂಡಾ ಇಲ್ಲ. ಬಂದವರೇ ತಮ್ಮ ವಿಷಯವನ್ನು ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿ, ಅದರ ಕೆಳಗೆ ಕೂರುತ್ತಾರೆ. ಆಸಕ್ತಿ ಇರುವವರು ಬಂದು ಸೇರುತ್ತಾರೆ. ಕೂತ ಗುಂಪಿನಿಂದ ಉಪಯೋಗವಿಲ್ಲ ಎನಿಸಿದರೆ ಎದ್ದು ಇನ್ನೊಂದಕ್ಕೆ ಹೋಗಬಹುದು; ಇದಕ್ಕೆ ‘ಕಾಲಿನ ನಿಯಮ’ ಎನ್ನುತ್ತಿದ್ದರು. ಈ ಸಲ ಹಾಗೆಯೇ ಮಾಡೋಣ ಎಂದಾಗ ನಂಜುಂಡಯ್ಯನವರ ಪ್ರಶ್ನೆ ಒಂದೇ: “ವೇದಿಕೆ ಇಲ್ದಿದ್ರೆ ಅಧ್ಯಕ್ಷರು ಎಲ್ಲಮ್ಮಾ ಕೂತ್ಕೋತಾರೆ?”

ಕೊನೆಗೆ ರಾಜಿಯಾಯಿತು. ಬೆಳಿಗ್ಗೆ ನನ್ನ ಕ್ರಮ, ಊಟದ ನಂತರ ಅವರ ಕ್ರಮ. ಬೆಳಿಗ್ಗೆ ಯಾವ ಹಾಳೆಗೆ ಹತ್ತು ಜನರ ಸಹಿ ಬಿದ್ದಿರುತ್ತದೋ ಆ ವಿಷಯ ಮಾತ್ರ ಮಧ್ಯಾಹ್ನ ಠರಾವಿಗೆ ಬರಬೇಕು.

ನಲವತ್ನಾಲ್ಕು ಕಾರ್ಯದರ್ಶಿಗಳು ಬಂದರು. ಕುರ್ಚಿಗಳನ್ನು ವೃತ್ತಾಕಾರದಲ್ಲಿ ಹಾಕಿದ್ದನ್ನು ಕಂಡು ಬಾಗಿಲಲ್ಲೇ ನಿಂತರು. ಹಿಂದಿನ ಸಾಲು ಎಲ್ಲೆಂದು ತಿಳಿಯದೆ ಯಾರೂ ಕೂರಲಿಲ್ಲ. ಗುಬ್ಬಿಯ ಶಿವಣ್ಣ, “ಏನ್ ಮೇಡಂ, ಕುರ್ಚಿ ಆಟ ಆಡುಸ್ತೀರಾ? ಹಾಡು ಹಾಕಿ ಮತ್ತೆ” ಎಂದರು.

ಹಾಳೆ ಮತ್ತು ಪೆನ್ನು ಕೊಟ್ಟ ಮೇಲೆ ಎಂಟು ನಿಮಿಷ ಯಾರೂ ಏನೂ ಬರೆಯಲಿಲ್ಲ. ಒಂಬತ್ತನೆಯ ನಿಮಿಷದಲ್ಲಿ ಶಿವಣ್ಣ ಎದ್ದು ‘ಊಟ’ ಎಂದು ಬರೆದು ಅಂಟಿಸಿದರು.

“ಇದೂ ವಿಷಯಾನಾ?” ಎಂದು ನಂಜುಂಡಯ್ಯನವರು ನನ್ನ ಕಿವಿಯ ಹತ್ತಿರ ಕೇಳಿದರು.

“ಅಂಟಿಸಿದ್ರೆ ವಿಷಯಾನೇ ಸಾರ್.”

ಆಮೇಲೆ ಧೈರ್ಯ ಬಂದು ‘ಪಶು ಆಹಾರ’, ‘ಹಾಲು ಪರೀಕ್ಷೆಯ ಯಂತ್ರ’ ಎಂಬ ಹಾಳೆಗಳೂ ಬಂದವು. ಕೊನೆಯದು ಪುಟ್ಟಗಂಗಮ್ಮನವರದು: ‘ವ್ಯಾನು’. ಗುಂಪುಗಳು ಕೂತವು, ಮಾತು ಶುರುವಾಯಿತು. ‘ವ್ಯಾನು’ ಹಾಳೆಯ ಕೆಳಗೂ ನಾಲ್ಕು ಜನ ಸೇರಿದ್ದರು. ನನಗೆ ಒಳಗೊಳಗೇ ಹೆಮ್ಮೆ.

ಎರಡು ಗಂಟೆಗೆ ಬರಬೇಕಾಗಿದ್ದ ಅಧ್ಯಕ್ಷರು, ಅಮೃತೂರಿನ ರಂಗೇಗೌಡರು, ಹನ್ನೊಂದಕ್ಕೇ ಬಂದುಬಿಟ್ಟರು. ವೇದಿಕೆ ಕಾಣದೆ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತರು. ಅದು ‘ಪಶು ಆಹಾರ’ದ ಗುಂಪು. ಎರಡೇ ನಿಮಿಷದಲ್ಲಿ ಸಭಾಂಗಣದ ಅಷ್ಟೂ ಜನ ಕುರ್ಚಿ ಎಳೆದುಕೊಂಡು ಅಲ್ಲಿಗೇ ಬಂದರು. ಅಧ್ಯಕ್ಷರು ಒಂದು ಕಡೆ ಕೂತಿರುವಾಗ ಇನ್ನೊಂದು ಕಡೆಗೆ ಮುಖ ಮಾಡಿ ಕೂರುವುದು ನಮ್ಮ ಕಡೆ ಪದ್ಧತಿಯಲ್ಲ. ತರಬೇತಿ ಕೊಟ್ಟವರಿಗೆ ಈ ಸಂಗತಿ ಗೊತ್ತಿರಲಿಲ್ಲ, ನನಗೆ ಗೊತ್ತಿರಬೇಕಾಗಿತ್ತು.

‘ವ್ಯಾನು’ ಹಾಳೆಯ ಕೆಳಗೆ ಪುಟ್ಟಗಂಗಮ್ಮ ಒಬ್ಬರೇ ಉಳಿದರು. ನೀವೂ ಅಲ್ಲಿಗೇ ಹೋಗಿ ಹೇಳಿಕೊಳ್ಳಿ ಎಂದೆ.

“ನಾನೂ ಹೋದ್ರೆ ಈ ಚೀಟಿ ತಾವ ಯಾರವ್ವ ಇರ್ತಾರೆ?” ಎಂದು ಅವರು ಕದಲಲಿಲ್ಲ.

ಹನ್ನೆರಡೂವರೆಯಾಯಿತು. ಅವರ ಹಾಳೆಗೆ ಇದ್ದದ್ದು ಅವರದೇ ಒಂದು ಸಹಿ. ಅಷ್ಟರಲ್ಲಿ, ನಲವತ್ತು ಜನರ ನಡುವೆ ಬೆವರುತ್ತಿದ್ದ ಗೌಡರು ನನ್ನನ್ನು ಕರೆದರು. “ಏನಮ್ಮಾ, ಇದು ಎಂಥಾ ಸಭೆ?”

ಕಾಲಿನ ನಿಯಮವನ್ನು ವಿವರಿಸಿದೆ.

“ಅಂದ್ರೆ, ನಾನೂ ಮಧ್ಯದಲ್ಲಿ ಎದ್ದೋಗ್ಬಹುದಾ?” ಇಷ್ಟು ವರ್ಷಗಳ ಅಧ್ಯಕ್ಷಗಿರಿಯಲ್ಲಿ ಯಾರೂ ಅವರಿಗೆ ಆ ಅನುಮತಿ ಕೊಟ್ಟಿರಲಿಲ್ಲ ಎಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಎದ್ದರು. ನಲವತ್ತು ಜನವೂ ಎದ್ದರು. ಅವರು ಕಿಟಕಿಯ ಕಡೆಗೆ ನಡೆದರೆ ಇವರೂ ಕಿಟಕಿಯ ಕಡೆಗೆ.

“ಏನ್ರಯ್ಯಾ, ನನ್ ಹಿಂದೆ ದಿಬ್ಬಣ ಹೊಂಟಿದೀರಾ? ಕೂತ್ಕಳ್ರೋ!”

“ನೀವು ಕೂತ್ರೆ ಕೂತ್ಕತೀವಿ ಗೌಡ್ರೇ,” ಎಂದರು ಶಿವಣ್ಣ.

ನನ್ನ ಉದ್ಯೋಗದಲ್ಲಿ ಮೊದಲ ಬಾರಿಗೆ ನಾನು ಒಂದು ಉಪಾಯ ಮಾಡಿದೆ. “ಸಾರ್, ಆ ಮೂಲೇಲಿ ಫ್ಯಾನ್ ಚೆನ್ನಾಗಿ ತಿರುಗುತ್ತೆ” ಎಂದೆ. ಅದು ಸುಳ್ಳಾಗಿರಲಿಲ್ಲ.

ಗೌಡರು ಹೋಗಿ ಪುಟ್ಟಗಂಗಮ್ಮನವರ ಎದುರಿನ ಕುರ್ಚಿಯಲ್ಲಿ ಕೂತರು. ಅವರ ಸುತ್ತ ಸಭಾಂಗಣವಿಡೀ ಬಂದು ಕೂತಿತು.

“ಬನ್ನಿ ಗೌಡ್ರೇ. ಇದು ವ್ಯಾನಿನ ವಿಸ್ಯ,” ಎಂದು ಪುಟ್ಟಗಂಗಮ್ಮ, ಬೆಳಿಗ್ಗೆಯಿಂದ ಅವರನ್ನೇ ಕಾಯುತ್ತಿದ್ದವರಂತೆ ಶುರುಮಾಡಿದರು. “ಇಲ್ಲಿರೋರಲ್ಲಿ ತುಂಬಿದ ಕ್ಯಾನ್ ಹೊತ್ಕಂಡು ಮೂರ್ ಮೈಲಿ ನಡ್ದಿರೋರು ಕೈ ಎತ್ತಿ ನೋಡನ.”

ಒಂದು ಕೈಯೂ ಮೇಲೇಳಲಿಲ್ಲ. “ನಾವು ಕ್ಯಾನ್ ಲೆಕ್ಕ ಬರಿಯೋರು ಕಣಕ್ಕ, ಹೊರೋರಲ್ಲ,” ಎಂದು ಶಿವಣ್ಣ ನಗಿಸಲು ಹೋದರು. ಯಾರೂ ನಗಲಿಲ್ಲ. ಹಾಳೆಗೆ ಮೂವತ್ತೊಂಬತ್ತು ಸಹಿ ಬಿತ್ತು. ‘ಊಟ’ಕ್ಕೆ ಸಿಕ್ಕಿದ್ದು ಏಳು.

ಮಧ್ಯಾಹ್ನ ವೇದಿಕೆ, ಹಾರ, ಮೈಕು ಎಲ್ಲ ಬಂದವು. ನಂಜುಂಡಯ್ಯನವರ ಮುಖಕ್ಕೆ ಕಳೆ ಬಂತು. ಠರಾವು ಓದಿದರು. ಸೂಚಕರು ಪುಟ್ಟಗಂಗಮ್ಮ. ಇನ್ನು ಅನುಮೋದಕರು ಬೇಕು. ಅನುಮೋದಿಸುವವರಿಲ್ಲದೆ ಠರಾವು ನಿಲ್ಲುವುದಿಲ್ಲ. ಸಹಿ ಹಾಕಿದ್ದ ಮೂವತ್ತೊಂಬತ್ತು ಜನರೂ ಸಾಲಾಗಿ ಕೂತು ಅಧ್ಯಕ್ಷರ ಮುಖವನ್ನೇ ನೋಡತೊಡಗಿದರು. ಅವರ ಮನಸ್ಸು ತಿಳಿಯದೆ ಯಾರು ಏಳುತ್ತಾರೆ? ಗೌಡರೋ, ಪಾಯಸ ಎರಡು ಸಲ ಹಾಕಿಸಿಕೊಂಡಿದ್ದರು. ಕಣ್ಣು ಮುಚ್ಚಿತ್ತು.

“ಅನುಮೋದಕರು?” ಎಂದು ನಂಜುಂಡಯ್ಯನವರು ಎರಡನೆಯ ಸಲ ಕೇಳಿದರು. ಗೌಡರ ತಲೆ ನಿಧಾನವಾಗಿ ಮುಂದಕ್ಕೆ ಬಾಗಿ ಮತ್ತೆ ಮೇಲೆದ್ದಿತು.

“ಗೌಡ್ರು ಹೂಂ ಅಂದ್ರು!” ಎಂದು ಶಿವಣ್ಣ ಎದ್ದುನಿಂತರು. “ನಂದು ಅನುಮೋದನೆ ಬರ್ಕಳಿ.”

ಮೂವತ್ತು ಜನ ಒಟ್ಟಿಗೆ “ನಂದೂ” ಎಂದರು. ಆ ಗದ್ದಲಕ್ಕೆ ಎಚ್ಚರವಾದ ಅಧ್ಯಕ್ಷರು ಗಂಭೀರವಾಗಿ, “ಸರ್ವಾನುಮತ” ಎಂದರು. ನಾನು ನಡವಳಿಯಲ್ಲಿ ಹಾಗೆಯೇ ಬರೆದೆ. ಒಂದನೆಯ ತಾರೀಕು ವ್ಯಾನು ಆ ಊರಿಗೆ ಹೋಯಿತು.

ಆಮೇಲೆ ನಾನು ನಡೆಸಿದ ಸಭೆಗಳೆಲ್ಲ ಹೀಗೆಯೇ ಅರ್ಧ ಹೊಸತು, ಅರ್ಧ ಹಳತು. ವಿಷಯ ಏಳಬೇಕಾದದ್ದು ಬಂದವರ ನಡುವಿನಿಂದ. ಆದರೆ ನಡವಳಿ ಪುಸ್ತಕಕ್ಕೆ ಇಳಿಯದ ವಿಷಯದಿಂದ ಯಾವ ವ್ಯಾನೂ ಹೊರಡುವುದಿಲ್ಲ. ಎರಡನ್ನೂ ಜೋಡಿಸುವುದನ್ನು ಕೆಲಸ ನನಗೆ ಕಲಿಸಿತು. ಅದಕ್ಕಿಂತ ಕಷ್ಟದ ವಿದ್ಯೆ ಇನ್ನೊಂದಿದೆ: ಸುತ್ತಲಿನ ಕುರ್ಚಿಗಳೆಲ್ಲ ಖಾಲಿಯಾದ ಮೇಲೂ ತಾನು ಬರೆದ ಹಾಳೆಯ ಕೆಳಗೆ ಕೂತೇ ಇರುವುದು. ಅದನ್ನು ನಾನು ಯಾರಿಗೂ ಕಲಿಸಿಲ್ಲ. ಒಬ್ಬರು ಕೂತಿದ್ದನ್ನು ನೋಡಿದ್ದೇನೆ, ಅಷ್ಟೆ.