ಅಡಿಕೆಯಷ್ಟು ಉಂಡಿ

ಹೊಟ್ಟೆ ಕೊಯ್ಸಿಕೊಂಡು ಬಂದ ಮೇಲೆ ನನ್ನ ಎದುರಿಗೆ ಬಂದು ನಿಂತ ಮೊದಲ ದೊಡ್ಡ ಹಬ್ಬ ನಾಗರ ಪಂಚಮಿ. ಬೇರೆ ಯಾವ ಹಬ್ಬವಾಗಿದ್ದರೂ ಹೇಗೋ ದಾಟಿಕೊಳ್ಳುತ್ತಿದ್ದೆ. ದಸರೆಯಾದರೆ ಬನ್ನಿ ಕೊಟ್ಟು ಕೈ ಮುಗಿದರೆ ಅರ್ಧ ಹಬ್ಬ ಮುಗಿದಂತೆ. ಪಂಚಮಿ ಹಾಗಲ್ಲ. ನಮ್ಮ ಕಡೆ ಪಂಚಮಿ ಅಂದರೆ ಉಂಡಿ. ಶೇಂಗಾ ಉಂಡಿ, ಎಳ್ಳುಂಡಿ, ಪುಟಾಣಿ ಉಂಡಿ, ರವೆ ಉಂಡಿ, ಬೇಸನ್ ಉಂಡಿ, ಅಳ್ಳಿಟ್ಟಿನ ಉಂಡಿ. ಬೆಲ್ಲ ಸಕ್ಕರೆ ಇಲ್ಲದ ಒಂದೇ ಒಂದು ಉಂಡಿಯನ್ನು ಯಾರಾದರೂ ಕಟ್ಟಿದ್ದರೆ ತೋರಿಸಿ ನೋಡೋಣ! ನನಗೋ, ಡಾಕ್ಟರು ಎಲ್ಲಕ್ಕಿಂತ ಹೆಚ್ಚು ಒತ್ತಿ ಬೇಡ ಅಂದದ್ದೇ ಬೆಲ್ಲ ಸಕ್ಕರೆ.

ಎರಡು ಸಾವಿರದ ದಶಕದ ಕೊನೆಕೊನೆಯ ಮಾತಿದು. ದಾಂಡೇಲಿಯ ಮನೆಮನೆಗೂ ಮೊಬೈಲು ಬಂದಿತ್ತು, ಆದರೆ ಇಂಥದೊಂದು ಆಪರೇಶನ್ ಇದೆ ಅಂತ ನಮ್ಮ ಅಂಬೇವಾಡಿಯಲ್ಲಿ ಯಾರೂ ಕೇಳಿರಲಿಲ್ಲ. ಗಂಡನಿಗೆ ಕಾಗದ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ನಾನು ಮನೆಯಲ್ಲೇ ಮಶೀನು ಇಟ್ಟುಕೊಂಡು ಜಂಪರ ಹೊಲಿಯುತ್ತಿದ್ದೆ. ಓಣಿಯ ಹೆಂಗಸರ ಅಳತೆಯೆಲ್ಲ ನನ್ನ ಟೇಪಿಗೆ ಬಾಯಿಪಾಠ. ನನ್ನ ಸೊಂಟಕ್ಕೆ ಮಾತ್ರ ಅದೇ ಟೇಪು ಸುತ್ತಿ ಬಂದು ಮುಟ್ಟುತ್ತಿರಲಿಲ್ಲ. ನಗಬೇಕಾದರೆ ನಗಿ, ನಾನೂ ನಗುತ್ತಿದ್ದೆ. ಆದರೆ ಸಕ್ಕರೆ ಕಾಯಿಲೆ ಬಂತು, ಮೊಣಕಾಲು ಕೈಕೊಟ್ಟವು, ಕಟ್ಟೆ ಹತ್ತಿದರೂ ಏದುಸಿರು ಬರತೊಡಗಿತು. ಆಗ ನಗು ನಿಂತಿತು. ಬೆಳಗಾವಿಯ ಡಾಕ್ಟರು ಪುಣೆಗೆ ಕಳಿಸಿದರು. ಪುಣೆಯವರು ನನ್ನ ಹೊಟ್ಟೆಯನ್ನು ಒಂದು ಪುಟ್ಟ ಬಟ್ಟಲಿನಷ್ಟು ಮಾಡಿ, ಅದನ್ನೇ ಕರುಳಿಗೆ ಜೋಡಿಸಿ, ಮನೆಗೆ ಹೋಗು ಅಂದರು.

ಹೋಗುವ ಮುಂಚೆ ಬಿಡಿಸಿ ಬಿಡಿಸಿ ಹೇಳಿದ್ದರು. ಒಂದು ಸಲಕ್ಕೆ ಸ್ವಲ್ಪವೇ ಉಣ್ಣಬೇಕು. ಪ್ರತಿ ತುತ್ತನ್ನೂ ಹಿಟ್ಟಾಗುವ ತನಕ ಅಗಿಯಬೇಕು. ಊಟದ ನಡುವೆ ನೀರು ಕುಡಿಯಬಾರದು. ಉಪವಾಸ ಇರಬಾರದು. ಸಿಹಿ ಮುಟ್ಟಲೇಬಾರದು, ಮುಟ್ಟಿದರೆ ಅದು ನೇರ ಕರುಳಿಗೆ ಇಳಿದು ಎದೆ ಹೊಡೆದುಕೊಳ್ಳುತ್ತದೆ, ಮೈಯೆಲ್ಲ ಬೆವರುತ್ತದೆ, ತಲೆ ತಿರುಗುತ್ತದೆ. ಮೊದಲಿನ ಮಾತುಗಳನ್ನೆಲ್ಲ ನಂಬಿದೆ. ಕೊನೆಯದನ್ನು ಅಷ್ಟಾಗಿ ನಂಬಲಿಲ್ಲ. ಡಾಕ್ಟರರು ಅಂದಮೇಲೆ ಒಂದಿಷ್ಟು ಹೆದರಿಸುವುದು ಇದ್ದದ್ದೇ ಅಂದುಕೊಂಡೆ.

ದಾಂಡೇಲಿಯಲ್ಲಿ ನನಗೆ ಕಷ್ಟವಾಗಲಿಲ್ಲ. ಮದುವೆ, ತೊಟ್ಟಿಲು, ಸತ್ಯನಾರಾಯಣ ಪೂಜೆ ಎಲ್ಲಿಗೆ ಕರೆದರೂ ಹೋಗುತ್ತಿದ್ದೆ. ಹೋದವಳೇ ಸೆರಗು ಸಿಕ್ಕಿಸಿ ಸವುಟು ಹಿಡಿದುಬಿಡುತ್ತಿದ್ದೆ. "ಇನ್ನೊಂದೀಟು ಹಾಕಿಸ್ಗೋರಿ, ಯಾಕ ನಾಚ್ಕೋತೀರಿ" ಅಂತ ಪಂಕ್ತಿಯುದ್ದಕ್ಕೂ ಎರಡು ಸುತ್ತು ಹೊಡೆದರೆ ಸಾಕು. ಬಡಿಸುವವಳು ಉಂಡಳೋ ಬಿಟ್ಟಳೋ ಅಂತ ಯಾರೂ ಕೇಳುವುದಿಲ್ಲ. ಆದರೆ ಪಂಚಮಿಗೆ ಹೋಗಬೇಕಾದದ್ದು ತೇರಗಾಂವಕ್ಕೆ, ತವರಿಗೆ. ಅಲ್ಲಿ ಸವುಟು ಅವ್ವನ ಕೈಯಲ್ಲಿರುತ್ತದೆ. ಅದನ್ನು ಆಕೆ ಸೊಸೆಗೂ ಬಿಟ್ಟುಕೊಟ್ಟವಳಲ್ಲ, ಮಗಳಿಗೆ ಕೊಡುತ್ತಾಳೆಯೇ?

ನನ್ನ ಊಟದ ಮೇಲೆ ಅವ್ವನಿಗೆ ವಿಪರೀತ ಅಭಿಮಾನ. "ನನ್ನ ಮಗಳು ಉಣ್ಣಾಕ ಕುಂತ್ರ ಮನಿ ತುಂಬಿದಂಗ ಇರತೈತಿ" ಅಂತ ಊರ ತುಂಬ ಹೇಳಿಕೊಂಡು ಬರುತ್ತಿದ್ದಳು. ಆಪರೇಶನ್ ಆದ ಸುದ್ದಿ ತಿಳಿದು ದಾಂಡೇಲಿಗೆ ಬಂದಾಗ ಬಾಗಿಲಲ್ಲೇ ನಿಂತು ಜಗಳ ತೆಗೆದಿದ್ದಳು. "ದೇವರು ಕೊಟ್ಟ ಹೊಟ್ಟಿ ಬೇ ಅದು! ಸಡ್ಲ ಆತಂತ ಒಳಗ ತಗೊಂಡು ಹೊಲಿಯಾಕ ಅದೇನ ಜಂಪರ ಏನ?" ಅಂದಳು. ಆಮೇಲೆ ನನ್ನ ಗಂಟಲಿಂದ ಬೇಳೆಯ ಕಟ್ಟು ಚಮಚ ಚಮಚ ಇಳಿಯುವುದನ್ನು ನೋಡಲಾಗದೆ, ಮರುದಿನವೇ ಬಸ್ಸು ಹತ್ತಿ ಹೋಗಿಬಿಟ್ಟಳು. ನನಗಿದ್ದ ಭಯ ಉಂಡಿಯದಲ್ಲ, ಅವ್ವನದು. ಪಂಚಮಿಗೆ ಕರೆಸಿಕೊಂಡ ಮಗಳು ಹೊಟ್ಟೆತುಂಬ ಉಣ್ಣುವ ತನಕ ಆಕೆ ಒಂದು ಅಗುಳನ್ನೂ ಬಾಯಿಗೆ ಹಾಕುವುದಿಲ್ಲ. ಇದು ಮದುವೆಯಾದ ವರ್ಷದಿಂದ ನಡೆದುಬಂದದ್ದು. ಇನ್ನು ಹೊಟ್ಟೆ ತುಂಬುವುದಂದರೆ ಏನೆಂದು ಆಕೆಗೆ ಹೇಗೆ ತಿಳಿಸಿಹೇಳಲಿ?

ಕರೆಯಲು ತಮ್ಮ ಬಂದ, ಮೋಟರ್ ಸೈಕಲ್ ತಂದಿದ್ದ. ಹಿಂದಿನ ವರ್ಷಗಳಲ್ಲಿ ಬರುವಾಗ ಅದೇ ಗಾಡಿ ತಂದರೂ ನನ್ನನ್ನೊಮ್ಮೆ, ಹಿಂದಿನ ಟಾಯರನ್ನೊಮ್ಮೆ ನೋಡಿ, "ಅಕ್ಕಾ, ನೀ ಬಸ್ಸಿಗೆ ಬಾ, ಆರಾಮ ಆಕ್ಕೈತಿ" ಅನ್ನುತ್ತಿದ್ದ. ಈ ಸಲ ಅವನು ಬಾಯಿ ತೆರೆಯುವ ಮುಂಚೆಯೇ ಹಿಂದೆ ಹತ್ತಿ ಕೂತೆ. ಹಳಿಯಾಳದ ದಾರಿಯುದ್ದಕ್ಕೂ ಸಾಗವಾನಿ ಮರಗಳ ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಜಿಟಿಜಿಟಿ ಮಳೆಯೂ ಇತ್ತು. ಏನು ಹೇಳಲಿ, ಹದಿನಾರು ವರ್ಷದವಳ ಹಾಗೆ ಸುಖಪಟ್ಟೆ.

"ಅವ್ವಗ ಎಲ್ಲಾ ತಿಳಿಸಿ ಹೇಳೇನಿ" ಅಂದ ತಮ್ಮ, ಗಾಳಿಗೆ ಕೇಳಲೆಂದು ಜೋರಾಗಿ. "ಏನೂ ಚಿಂತಿ ಮಾಡಬ್ಯಾಡ."

ನಾವು ಮುಟ್ಟಿದ ದಿನ ರೊಟ್ಟಿ ಹಬ್ಬ. ಪಂಚಮಿಯ ಮುಂಚೆ ಮನೆಮನೆಗೂ ರೊಟ್ಟಿ, ಪಲ್ಯ, ಚಟ್ನಿ ಹಂಚಿಕೊಳ್ಳುವ ಪದ್ಧತಿ ನಮ್ಮದು. ಮೂಲೆಮನೆಯ ಮುದುಕಿ ತಾಟಿನ ತುಂಬ ಸಜ್ಜೆ ರೊಟ್ಟಿ ತಂದವಳು ನನ್ನನ್ನು ನೋಡಿ ಗಲ್ಲಕ್ಕೆ ಕೈ ಹಚ್ಚಿದಳು. "ಅಯ್ಯ ನನ್ನ ಶಿವನ! ಯಾರ ಬೇ ಇದು? ಗಂಡ ಉಣ್ಣಾಕ ಹಾಕವಲ್ಲನೇನ?"

"ಹಾಕತಾನ ಬಿಡಬೇ, ಅಂವನ ಹಾಕೂದು ನೋಡೇ ಹೊಟ್ಟಿ ತುಂಬತೈತಿ" ಅಂದೆ. ಮುದುಕಿ ಬಿದ್ದು ಬಿದ್ದು ನಕ್ಕಳು. ಅವ್ವ ನಗಲಿಲ್ಲ. ನಾನು ದಾಂಡೇಲಿಯಿಂದ ತಂದ ನನ್ನ ಪುಟ್ಟ ಸ್ಟೀಲಿನ ಬಟ್ಟಲಿಗೆ ಹೆಸರುಕಾಳಿನ ಪಲ್ಯ, ಒಂದಿಷ್ಟು ಮೊಸರು ಹಾಕಿಕೊಂಡು, ರೊಟ್ಟಿಯ ಚೂರು ನೆನೆಸಿ ತಿನ್ನುವುದನ್ನು ಒಲೆಯ ಮಗ್ಗುಲಿಂದ ನೋಡುತ್ತಲೇ ಇದ್ದಳು. ಆ ನೋಟಕ್ಕೇ ನನಗೆ ಇನ್ನಷ್ಟು ಹೆದರಿಕೆ.

ಪಂಚಮಿಯ ಬೆಳಿಗ್ಗೆ ನಾಗಪ್ಪನಿಗೆ ಹಾಲೆರೆದದ್ದಾಯಿತು. ಎಲ್ಲರೂ ಒಳಗೆ ಬಂದು ಕೂತಾಗ ಅವ್ವ ಅಟ್ಟಳಿಗೆಯ ಮೇಲಿಂದ ಒಂದು ಡಬ್ಬಿ ಇಳಿಸಿ ತಂದು ನನ್ನ ಮುಂದೆ ಇಟ್ಟಳು. ಮುಖದಲ್ಲಿ ಬಹಳ ದಿನದ ಮೇಲೆ ಕಂಡ ನಗೆ. ಮುಚ್ಚಳ ತೆಗೆದರೆ ಒಳಗೆಲ್ಲ ಉಂಡಿ. ಎಲ್ಲ ಬಗೆಯವೂ ಇದ್ದವು, ಆದರೆ ಒಂದೊಂದೂ ಅಡಿಕೆಯಷ್ಟೇ ಗಾತ್ರ.

"ಸಣ್ಣ ಸಣ್ಣದ ತಿನ್ನಬೇಕಂತ ಹೌದಿಲ್ಲೋ? ತಮ್ಮ ಹೇಳ್ಯಾನ" ಅಂದಳು. "ಅದಕ್ಕ ನಿನಗಂತ ಬ್ಯಾರೇನ ಕಟ್ಟೇನಿ. ಈಗ ತಿನ್ನು, ಅದ್ಹೆಂಗ ಒಲ್ಲೆ ಅಂತೀ ನೋಡತೇನಿ."

ತಮ್ಮನ ಕಡೆ ನೋಡಿದೆ. ಆ ಮಹಾರಾಯ ಸಣ್ಣದು ಅನ್ನುವುದನ್ನು ಹೇಳಿದ್ದ, ಸಿಹಿ ಬೇಡ ಅನ್ನುವುದನ್ನು ಮರೆತಿದ್ದ! ಬೆಲ್ಲದ ಪಾಕ ಬಿಸಿ ಇರುವಾಗಲೇ ಉಂಡಿ ಕಟ್ಟಬೇಕು, ಆರಿತೆಂದರೆ ಪುಡಿಪುಡಿ. ದೊಡ್ಡ ಉಂಡಿಯಾದರೆ ಅಂಗೈಯಲ್ಲಿ ಒತ್ತಿ ತಟ್ಟನೆ ತಾಟಿಗೆ ಹಾಕಬಹುದು. ಅಡಿಕೆಯಷ್ಟು ಕಟ್ಟಬೇಕೆಂದರೆ ಎಲ್ಲವೂ ಬೆರಳ ತುದಿಯ ಕೆಲಸ. ಅವ್ವನ ಬೆರಳ ತುದಿಗಳು ಕೆಂಪಗೆ ಸುಟ್ಟಿದ್ದವು. ಹೇಳಿ, ಇದನ್ನು ಕಂಡಮೇಲೆ ಒಲ್ಲೆ ಅನ್ನಲು ಯಾವ ಮಗಳಿಗೆ ಬಾಯಿ ಬಂದೀತು? ನನಗೆ ಬರಲಿಲ್ಲ. ಒಂದು ಶೇಂಗಾ ಉಂಡಿ ಬಾಯಿಗೆ ಹಾಕಿದೆ. ಆಹಾ! ಎಷ್ಟು ತಿಂಗಳಾಗಿತ್ತು! ಎಳ್ಳಿನದು ಹಾಕಿದೆ, ಬೇಸನ್ ಹಾಕಿದೆ. ಇಷ್ಟಿಷ್ಟಕ್ಕೆ ಏನಾಗುತ್ತದೆ, ಆ ಡಾಕ್ಟರರದು ಇದ್ದದ್ದೇ ಅಂದುಕೊಂಡು ರವೆಯದನ್ನೂ ಹಾಕಿದೆ.

ಸ್ವಲ್ಪ ಹೊತ್ತಿಗೆ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಹಣೆಯಿಂದ ಬೆವರು ಇಳಿಯಿತು, ಕಣ್ಣು ಕತ್ತಲೆ ಬಂತು, ಹೊಟ್ಟೆ ತಿರುಚಿದಂತಾಗಿ ಅಲ್ಲೇ ಗೋಡೆಗೆ ಒರಗಿದೆ. ತಮ್ಮ ಜೀಪು ತರಿಸುತ್ತೇನೆಂದು ಎದ್ದ. ಅವನ ಹೆಂಡತಿ, ಮುಂಡಗೋಡದ ಹುಡುಗಿ, ಸೆರಗಿನಿಂದ ಗಾಳಿ ಹಾಕತೊಡಗಿದಳು. ಅವ್ವ ಮಾತ್ರ ಉಪ್ಪು ಮೆಣಸಿನಕಾಯಿ ಹಿಡಿದು ಬಂದು ನನ್ನ ಸುತ್ತ ಇಳಿ ತೆಗೆದಳು. "ಆ ಮೂಲಿಮನಿ ಮುದುಕಿದ ಕಣ್ಣು ಹತ್ತೇತಿ! ನಿನ್ನೆ ಹೆಂಗ ಗಲ್ಲಕ್ಕ ಕೈ ಹಚ್ಚಿದ್ಲು ನೋಡಿದಿಲ್ಲ?" ಅಂತ ಪಾಪದ ಆ ಮುದುಕಿಗೆ ಬಾಯಿಗೆ ಬಂದಂತೆ ಬೈದಳು.

ಮಲಗಿದ್ದಂತೆಯೇ ನಿಧಾನಕ್ಕೆ ಎಲ್ಲ ಇಳಿಯಿತು. ಡಾಕ್ಟರು ಹೇಳಿದ್ದೂ ಹಾಗೆಯೇ. ಮೂಲೆಮನೆಯ ಮುದುಕಿಯ ಮೇಲೆ ಅಪವಾದ ಉಳಿಯಬಾರದೆಂದು ಅವ್ವನಿಗೆ ನಿಜ ಹೇಳಿದೆ. ಕಣ್ಣು ಯಾರದೂ ಅಲ್ಲ, ಇದು ಬೆಲ್ಲದ ಕೆಲಸ, ನನಗಿನ್ನು ಸಿಹಿ ಸೇರುವುದಿಲ್ಲ ಅಂದೆ. ಅದನ್ನು ಆಗಲೇ ಹೇಳಬಾರದಿತ್ತೋ ಏನೋ. ಅವ್ವ ಡಬ್ಬಿಯ ಮುಚ್ಚಳ ಹಾಕಿ ಅದರ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಳು.

"ನನ್ನ ಕೈಲೆ ನಾನ ಮಗಳಿಗೆ ವಿಷಾ ಹಾಕಿದೆ" ಅಂದಳು.

ಪಂಚಮಿಯ ದಿನ ನಮ್ಮ ಮನೆಯಲ್ಲಿ ಒಲೆಯ ಮೇಲೆ ಹಂಚು ಇಡುವುದಿಲ್ಲ. ಮುಂಚೆ ಮಾಡಿಟ್ಟದ್ದನ್ನೇ ಉಣ್ಣುವುದು. ಎಲ್ಲರಿಗೂ ಬಡಿಸಿ ಅವ್ವ ಒಳಗೆ ಹೋದಳು. ನನಗೆ ಸುಸ್ತು, ನಾನು ಗಮನಿಸಲಿಲ್ಲ. ಮರುದಿನ ಬೆಳಿಗ್ಗೆ ತಮ್ಮನ ಹೆಂಡತಿ ಬಾವಿಕಟ್ಟೆಯ ಹತ್ತಿರ ಕರೆದು ಮೆಲ್ಲಗೆ ಹೇಳಿದಳು. "ಅಕ್ಕಾರ, ಅತ್ತಿ ನಿನ್ನೆಯಿಂದ ಏನೂ ತಿಂದಿಲ್ರಿ. ಮಗಳು ಉಣದಿದ್ದ ಹಬ್ಬ ನನಗ್ಯಾಕಂತ. ಚಾನೂ ಒಲ್ಲೆ ಅಂತಾರ. ನಾ ಹೇಳಿದ್ರ ಕೇಳವಲ್ರು."

ಸಿಟ್ಟು ನೆತ್ತಿಗೇರಿತು. ಸಿಟ್ಟಿಗಿಂತ ಹೆಚ್ಚು ಹೆದರಿದ್ದೆ. ಎಪ್ಪತ್ತು ದಾಟಿದ ಜೀವ, ಮೈಯಲ್ಲಿ ಎಲುಬು ಚರ್ಮ ಬಿಟ್ಟು ಏನಿತ್ತು ಆಕೆಗೆ? ದಡದಡ ಅಡುಗೆಮನೆಗೆ ಹೋದೆ, ಅವ್ವ ಅಲ್ಲೇ ಇದ್ದಳು. ಒಂದು ತಾಟು ತೆಗೆದುಕೊಂಡು ಒಲೆಯ ಮುಂದೆ ಕಾಲು ಮಡಚಿ ನೆಲದ ಮೇಲೆ ಕೂತೆ. ಹಾಗೆ ನೆಲಕ್ಕೆ ಕೂತು ಎಷ್ಟು ವರ್ಷವಾಗಿತ್ತೋ.

"ಯವ್ವಾ, ಬಾ, ಕುಂದ್ರು ಇಲ್ಲಿ."

"ನನಗ ಹಸಿವಿಲ್ಲ."

"ಹಂಗಾರ ನನಗೂ ಇಲ್ಲ. ಉಪಾಸ ಮಾಡಬ್ಯಾಡ ಅಂತ ಡಾಕ್ಟರು ಕಡ್ಡಿ ಮುರದಂಗ ಹೇಳ್ಯಾರ. ಏನರ ಆತಂದ್ರ ನಿನ್ನ ತಲಿ ಮ್ಯಾಗ."

"ಹೆದರಸ್ತೀಯೇನ ನನ್ನ?"

"ಹೂಂ, ಹೆದರಸ್ತೇನಿ! ನಾ ಒಂದು ತುತ್ತು ತಿಂದ್ರ ನೀ ಒಂದು ತುತ್ತು ತಿನ್ನಬೇಕು, ಒಂದ ತಾಟಿನ್ಯಾಗ. ಒಲ್ಲೆ ಅಂದ್ರ ಈಗಿಂದೀಗ ದಾಂಡೇಲಿ ಬಸ್ಸು ಹತ್ತತೇನಿ."

ಅವ್ವ ಬಂದು ಕೂತಳು, ಅರ್ಧ ಮುಖ ಅತ್ತ ತಿರುಗಿಸಿಕೊಂಡು. ನನ್ನ ಹಿಂದೆಯೇ ಬಂದು ರೊಟ್ಟಿಗೆ ಕೂತಿದ್ದ ತಮ್ಮನ ಹೆಂಡತಿ ಹಂಚಿನ ಮೇಲಿಂದ ಉಬ್ಬಿದ ಜೋಳದ ರೊಟ್ಟಿ ತೆಗೆದು ತಾಟಿಗೆ ಹಾಕಿದಳು, ಪಕ್ಕಕ್ಕೆ ಬೇಳೆ ಸಾರು. ನಾನು ಉಗುರಿನಷ್ಟು ಚೂರು ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟೆ. ಅವ್ವ ತನ್ನ ತುತ್ತು ಒಂದೇ ಏಟಿಗೆ ನುಂಗಿ ನನ್ನ ಬಾಯಿ ನೋಡುತ್ತ ಕೂತಳು.

"ಇನ್ನೂ ಅಗೀಲಿಕತ್ತೀಯೇನ?"

"ಹಿಂಗ ಅಗೀಬೇಕು."

"ದೇವರ! ಎಮ್ಮಿ ಮೆಲಕ ಹಾಕಿದಂಗ ಆತು." ಅಂದು ತಾನೂ ನನ್ನ ಹಾಗೆಯೇ ಅಗಿಯತೊಡಗಿದಳು. ನಡುನಡುವೆ ನನ್ನ ಮಶೀನಿನ ಸುದ್ದಿ ಕೇಳಿದಳು, ಗಂಡನ ಪಾಳಿಯ ಸುದ್ದಿ ಕೇಳಿದಳು. ಉಣ್ಣುತ್ತ ನಾವಿಬ್ಬರೂ ಹಿಂದೆಂದಾದರೂ ಹಾಗೆ ಮಾತಾಡಿದ್ದು ನನಗೆ ನೆನಪಿಲ್ಲ. ನಾನು ಉಣ್ಣುವಾಗ ಆಕೆ ಯಾವಾಗಲೂ ನಿಂತೇ ಇರುತ್ತಿದ್ದಳು.

ಕಾಲು ರೊಟ್ಟಿಯಾಗುವಷ್ಟರಲ್ಲಿ ನನಗೆ ಸಾಕಾಯಿತು. ಕೈ ಹಿಂದೆ ತೆಗೆದೆ. ಅವ್ವನ ಕೈಯೂ ನಿಂತಿತು. "ಇಷ್ಟ?" ಅಂದಳು.

"ಹೊಟ್ಟಿ ತುಂಬೈತಿ ಯವ್ವಾ."

"ಸುಳ್ಳ ಹೇಳಬ್ಯಾಡ."

ಆಕೆಯ ಎಡಗೈ ಹಿಡಿದು ನನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡೆ. ಕೂಸಿನ ಹೊಟ್ಟೆ ನೋಡುವ ಹಾಗೆ ಮೆಲ್ಲಗೆ ಒತ್ತಿ ನೋಡಿದಳು, ಪಕ್ಕೆಯ ಕೆಳಗೆ, ಮೇಲೆ, ಮತ್ತೆ ಅಲ್ಲೇ. ತುಂಬಿದ ಹೊಟ್ಟೆ ಕೈಗೆ ಹೇಗೆ ಸಿಗುತ್ತದೆಂದು ನಾಲ್ಕು ಮಕ್ಕಳನ್ನು ಸಾಕಿದವಳಿಗೆ ಗೊತ್ತಿರದೆ ಇರುತ್ತದೆಯೇ?

"ಖರೇನ ತುಂಬೈತಿ" ಅಂದಳು. ಕಣ್ಣಲ್ಲಿ ನೀರು ಬಂತು, ಸೆರಗಿನಿಂದ ಒರೆಸಿಕೊಂಡಳು. ತಾಟಿನಲ್ಲಿ ಉಳಿದದ್ದನ್ನು ಸಾರಿನಲ್ಲಿ ಅದ್ದಿ ಅದ್ದಿ ಮುಗಿಸಿದಳು. ಆಮೇಲೆ ಸೊಸೆಯ ಕಡೆ ತಿರುಗಿ ತಾಟು ಮುಂದೆ ಚಾಚಿದಳು.

"ಇನ್ನೊಂದು ಹಾಕ ಬೇ, ಬಿಸೇದು. ಹಂಚಿನ ಮ್ಯಾಗಿನ ರೊಟ್ಟಿ ತಿಂದು ಎಷ್ಟ ವರ್ಷ ಆಗಿತ್ತೋ ಏನೋ. ಮರತ ಬಿಟ್ಟಿದ್ದೆ, ಹಿಂಗಿರತೈತಿ ಅಂತ."

ತಮ್ಮನ ಹೆಂಡತಿ ನನ್ನ ಮುಖ ನೋಡಿದಳು. ನಲವತ್ತು ವರ್ಷ ಆಕೆಯ ಕೈಯಲ್ಲಿ ಉಂಡಿದ್ದೇನೆ, ಆಕೆ ಉಣ್ಣುವುದನ್ನು ಒಂದು ದಿನವೂ ಕೂತು ನೋಡಿರಲಿಲ್ಲ. ನಾನು ಏಳಲಿಲ್ಲ. ಅವ್ವ ಆ ರೊಟ್ಟಿಯನ್ನೂ ಮುಗಿಸಿ ಮತ್ತೆ ಸಾರು ಕೇಳಿದಳು, ಈ ಸಲ ಸವುಟು ತೆಗೆದುಕೊಂಡು ನಾನೇ ಹಾಕಿದೆ.