ಮಣ್ಣು ಹತ್ತದ ಮೊಣಕಾಲು

ಆ ಮಂಗಳವಾರ ಬೆಳಗ್ಗೆ ಗಿಬ್ ಎಂದಿನಂತೆ ಅಡುಗೆಮನೆಯ ನಲ್ಲಿಯ ಹತ್ತಿರ ನಿಂತು ಕಾಗದದ ಲೋಟಗಳಿಗೆ ನೀರು ತುಂಬುತ್ತಿದ್ದ. ಹನ್ನೆರಡು ಲೋಟ. ತುಂಬಿ, ತಟ್ಟೆಯ ಮೇಲೆ ಜೋಡಿಸಿ, ಫ್ರೀಜರಿನಲ್ಲಿಡುವುದು ಅವನ ದಿನದ ಮೊದಲ ಕೆಲಸ. ಸಂಜೆ ಅಭ್ಯಾಸಕ್ಕೆ ಬಂದ ಹುಡುಗರಲ್ಲಿ ಯಾರ ಮಂಡಿ ಊದಿದೆಯೋ, ಯಾರ ತೊಡೆ ಹಿಡಿದುಕೊಂಡಿದೆಯೋ, ಅವರ ಕೈಗೆ ಒಂದೊಂದು ಲೋಟ. ಅಂಚಿನ ಕಾಗದ ಹರಿದು, ಮಂಜುಗಡ್ಡೆಯನ್ನು ನೋವಿರುವ ಕಡೆ ಉಜ್ಜಿಕೊಳ್ಳಬೇಕು.

"ನನ್ನ ಬಟಾಣಿ ಎಲ್ಲಿಡ್ಲಿ?" ಅಂದಳು ಹೆಂಡತಿ ಆರ್ಡಿಸ್.

"ಬಟಾಣಿ ತಿಂದು ಯಾರ ಮಂಡಿ ವಾಸಿಯಾಗಿದೆ ಹೇಳು."

"ಮಂಜುಗಡ್ಡೆ ಉಜ್ಕೊಂಡು ನಿನ್ನ ಹುಡುಗ್ರು ಯಾವ ಆಟ ಗೆದ್ದಿದಾರೆ, ನೀನೇ ಹೇಳು."

ಗಿಬ್ ನಕ್ಕ. ನಗದೆ ಇನ್ನೇನು ಮಾಡುತ್ತಾನೆ? ಐದು ಆಟ ಆಡಿ ನಾಲ್ಕು ಸೋತಿದ್ದರು.

ಸೇಂಟ್ ಓಡಿಲ್ ಊರಿನ ಅಮೆರಿಕನ್ ಫುಟ್‌ಬಾಲ್ ತಂಡದ ಹೆಸರು ಮಿಲ್ಕ್‌ಮೆನ್, ಅಂದರೆ ಹಾಲಿನವರು. ವಿಸ್ಕಾನ್ಸಿನ್‌ನ ಆ ಸರೋವರದ ದಂಡೆಯಲ್ಲಿ ಹಾಲು ಬಿಟ್ಟರೆ ಇನ್ನೊಂದು ಹೆಸರು ಯಾರಿಗೂ ಹೊಳೆಯುವುದಿಲ್ಲ. ಹುಡುಗರು ವಾರವೆಲ್ಲ ಚೀಸ್ ಕಾರ್ಖಾನೆಯಲ್ಲೋ ಯಾರದೋ ಮನೆಯ ಮಾಡಿನ ಮೇಲೋ ದುಡಿದು, ಶನಿವಾರ ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಯಾರಿಗೂ ಸಂಬಳವಿಲ್ಲ. ಮೂವತ್ತೊಂದು ವರ್ಷ ಹಾಲಿನ ಟ್ಯಾಂಕರ್ ಓಡಿಸಿದ ಗಿಬ್ ತಂಡದ ಒಡೆಯ, ತರಬೇತುದಾರ, ಹಳೇ ಬಸ್ಸಿನ ರಿಪೇರಿಯವನು, ಎಲ್ಲವೂ ಅವನೇ. ಬಟ್ಟೆ ಒಗೆಯುವವಳು ಆರ್ಡಿಸ್.

ಅವಳಿಗೆ ಬಂದದ್ದು ಆ ಕೆಲಸ. ಎಂಟನೇ ತರಗತಿಗೆ ಶಾಲೆ ಬಿಟ್ಟವಳು ಪಟ್ಟಣದ ದೊಡ್ಡ ಲಾಂಡ್ರಿಗೆ ಸೇರಿ, ಇಪ್ಪತ್ತೊಂಬತ್ತು ವರ್ಷ ಊರಿನವರ ಹಾಸಿಗೆ, ಹೊದಿಕೆ, ಏಪ್ರನ್ ಎಲ್ಲ ಒಗೆದಳು. ಕಲೆ ನೋಡಿದರೆ ಸಾಕು, ಎಲ್ಲಿಂದ ಬಂತು, ಹೇಗೆ ಬಂತು ಅಂತ ಹೇಳುತ್ತಿದ್ದಳು. ಗಿಬ್‌ಗೆ ಇದು ಗೊತ್ತು. ಯಾವನು ಆಡುತ್ತಿದ್ದಾನೆ, ಯಾವನು ಆಡುವ ಹಾಗೆ ನಟಿಸುತ್ತಿದ್ದಾನೆ ಅಂತ ತಿಳಿಯಬೇಕಾದರೆ ಭಾನುವಾರ ಬೆಳಗ್ಗೆ ನೆಲಮಾಳಿಗೆಗೆ ಇಳಿದು ಹೆಂಡತಿಯನ್ನು ಕೇಳುತ್ತಿದ್ದ. "ಇಪ್ಪತ್ನಾಲ್ಕನೇ ನಂಬರಿನವನ ಪ್ಯಾಂಟು ಮಡಿಚಿ ಹಾಗೇ ಕೊಡ್ಬೋದು. ಒಗೆಯೋ ಅಗತ್ಯವೇ ಇಲ್ಲ," ಅನ್ನುವಳು. ಮುಂದಿನ ಶನಿವಾರ ಇಪ್ಪತ್ನಾಲ್ಕು ಬೆಂಚಿನ ಮೇಲೆ ಕೂತಿರುತ್ತಿದ್ದ.

ಆ ಮಂಗಳವಾರ ಗಿಬ್‌ನ ತಲೆಯಲ್ಲಿದ್ದದ್ದು ಕೋಡಿ ಅನ್ನುವ ಹುಡುಗ. ಮೂರು ವಾರದಿಂದ ಅವನೇ ಇದ್ದ. ಪೈನ್ ಹಾರ್ಬರ್ ತಂಡದ ರಿಸೀವರ್. ಎದುರಾಳಿಗಳ ನಡುವೆ ನುಸುಳಿ ಓಡಿ, ದೂರದಿಂದ ಎಸೆದ ಚೆಂಡನ್ನು ಹಿಡಿಯುವವನು. ಇಪ್ಪತ್ಮೂರು ವರ್ಷ. ಅಂಥ ಕೈ ಗಿಬ್ ತನ್ನ ಜನ್ಮದಲ್ಲಿ ನೋಡಿರಲಿಲ್ಲ. ಆದರೆ ಹುಡುಗ ಅಭ್ಯಾಸಕ್ಕೆ ಬರುವುದಿಲ್ಲ. ಕೇಳಿದರೆ ಮೀನು ಹಿಡಿಯಲು ಹೋಗಿದ್ದೆ ಅನ್ನುತ್ತಾನೆ. ಹೋದ ವರ್ಷ ಎಡ ಮಂಡಿಗೆ ಪೆಟ್ಟಾಗಿ ಅರ್ಧ ಋತು ಮನೆಯಲ್ಲಿ ಕೂತಿದ್ದ. ಪೈನ್ ಹಾರ್ಬರ್‌ನ ಒಡೆಯ ಮರ್ಲ್‌ಗೆ ಸಾಕಾಗಿತ್ತು. ಕೋಡಿಯನ್ನು ಕೊಡುತ್ತೇನೆ, ಬದಲಿಗೆ ನಾರ್ಬ್‌ನನ್ನು ಕೊಡು ಅಂದಿದ್ದ.

ನಾರ್ಬ್ ಗಿಬ್‌ನ ಅಕ್ಕನ ಮಗ. ಮುಂದಿನ ಸಾಲಿನಲ್ಲಿ ಗೋಡೆಯ ಹಾಗೆ ನಿಲ್ಲುವವನು. ಒಂಬತ್ತು ವರ್ಷದಲ್ಲಿ ಒಂದು ಆಟ ತಪ್ಪಿಸಿಲ್ಲ. ತನ್ನ ಮದುವೆಯ ದಿನವೂ ಆಡಿ, ಕತ್ತಿನಲ್ಲಿ ಹುಲ್ಲು ಅಂಟಿಸಿಕೊಂಡೇ ಚರ್ಚಿಗೆ ಬಂದಿದ್ದ.

"ಕೋಡಿ ಬಂದ್ರೆ ನಾವು ಗೆಲ್ತೀವಿ ಕಣೇ," ಅಂದ ಗಿಬ್. "ಇಲ್ಲಾ, ಅವನ ಮಂಡಿ ಹೋಗುತ್ತೆ, ನಾರ್ಬೂ ಇರಲ್ಲ, ನಾನು ಊರಲ್ಲಿ ತಲೆ ಎತ್ತಿ ತಿರುಗೋ ಹಾಗಿಲ್ಲ."

"ನೀನು ಯಾವಾಗ ತಲೆ ಎತ್ತಿ ತಿರುಗಿದ್ದೆ? ಯಾವಾಗ್ಲೂ ಬಸ್ಸಿನ ಕೆಳಗೇ ಇರ್ತೀಯ."

"ತಮಾಷೆ ಬೇಡ. ಅವನ ಬಟ್ಟೆ ತರಿಸ್ಲಾ? ಒಂದ್ಸಲ ನೋಡಿ ಹೇಳು."

"ಮೂವತ್ತೆಂಟು ಜನರ ಕೊಳೆ ಸಾಲ್ದು ಅಂತ ಪಕ್ಕದೂರಿನ ಕೊಳೆ ಬೇರೆ ನೋಡ್ಲಾ? ಹೋಗಯ್ಯಾ."

"ಸರಿ ಬಿಡು," ಅಂದ. ಫ್ರೀಜರಿನ ಬಾಗಿಲನ್ನು ಸೊಂಟದಿಂದ ಒತ್ತಿ ಮುಚ್ಚಿದ. ಅದು ಹಾಗೇ ಮುಚ್ಚುವುದಿಲ್ಲ.

ಬುಧವಾರ ಬೆಳಗ್ಗೆ ಲೋಟಗಳನ್ನು ಫ್ರೀಜರಿನಲ್ಲಿಟ್ಟು, ಮೈದಾನಕ್ಕೆ ಸುಣ್ಣದ ಗೆರೆ ಹಾಕಲು ಹೋದ. ಒಂಬತ್ತೂವರೆಗೆ ನಾರ್ಬ್ ಫೋನ್ ಮಾಡಿದ. ಆರ್ಡಿಸ್ ಹೋಗಿ ನೋಡಿದಳು. ಗೆರೆ ಮೂವತ್ತೇಳನೇ ಗಜದವರೆಗೆ ನೇರವಾಗಿತ್ತು. ಅಲ್ಲಿಂದ ಸ್ವಲ್ಪ ಸೊಟ್ಟಗೆ ಹೋಗಿ ನಿಂತಿತ್ತು. ಗಿಬ್‌ನ ಟೋಪಿ ಹುಲ್ಲಿನ ಮೇಲಿತ್ತು. ಹೃದಯ, ಅಂದರು ಡಾಕ್ಟರು.

ಹೆಣ ಹೊರಲು ಆರು ಜನ ಸಾಕು. ಮೂವತ್ತೆಂಟೂ ಜನ ಜೆರ್ಸಿಯಲ್ಲಿ ಬರುತ್ತೇವೆ ಅಂದರು. ಆ ಜೆರ್ಸಿಗಳೆಲ್ಲ ಅವಳ ನೆಲಮಾಳಿಗೆಯಲ್ಲಿ ಕೊಳೆಯಾಗಿ ಬಿದ್ದಿದ್ದವು. ಒಗೆದಳು. ಎರಡು ದಿನ ಯಂತ್ರ ನಿಲ್ಲಲಿಲ್ಲ. ಅಳುವುದಕ್ಕೆ ಬಂದ ಹೆಂಗಸರ ಕೈಗೆ ಒದ್ದೆ ಬಟ್ಟೆ ಕೊಟ್ಟು, ಹಗ್ಗಕ್ಕೆ ಹಾಕಿ ಅಂದಳು. ಹಾಕಿದರು. ಚರ್ಚಿನ ಕೆಳಗಿನ ಹಾಲ್‌ನಲ್ಲಿ ದೊಡ್ಡ ಹಂಡೆಯಲ್ಲಿ ಬೂಯಾ ಅನ್ನುವ ಕೋಳಿ ಸಾರು ಕುದಿಸಿದ್ದರು. ಹುಡುಗರು ಅದನ್ನು ಜೆರ್ಸಿಯ ಮೇಲೆಲ್ಲ ಚೆಲ್ಲಿಕೊಂಡರು. ಮತ್ತೆ ಒಗೆದಳು.

ಮರ್ಲ್ ಸೋಮವಾರ ಬಂದ. ಬಾಗಿಲಲ್ಲೇ ಟೋಪಿ ತೆಗೆದು ನಿಂತ.

"ಆರ್ಡಿಸ್, ಇದನ್ನ ಈಗ ಕೇಳಬಾರ್ದು."

"ಕೇಳೋಕೇ ಬಂದಿದೀಯ. ಒಳಗೆ ಬಾ, ನೊಣ ಬರುತ್ತೆ."

"ಈ ಭಾನುವಾರ ಆಟಗಾರರ ಪಟ್ಟಿ ಮುಗಿಯುತ್ತೆ. ಆಮೇಲೆ ಯಾರನ್ನೂ ಬದಲಾಯಿಸೋ ಹಾಗಿಲ್ಲ. ತಂಡ ಈಗ ನಿನ್ನ ಹೆಸರಲ್ಲಿದೆ. ಗಿಬ್ ಹೆಚ್ಚುಕಡಿಮೆ ಹೂಂ ಅಂದಿದ್ದ."

"ಗಿಬ್ ಹೆಚ್ಚುಕಡಿಮೆ ಅಂದಿದ್ದ. ಹೂಂ ಅಂದಿರ್ಲಿಲ್ಲ."

ನಾರ್ಬ್ ಅಲ್ಲೇ ಮೇಜಿನ ಹತ್ತಿರ ಕೂತು ಯಾರೋ ತಂದಿಟ್ಟ ಹ್ಯಾಮ್ ಮುಗಿಸುತ್ತಿದ್ದ. ಚಮಚ ಕೆಳಗಿಟ್ಟು, "ಅತ್ತೆ, ಮಾವನಿಗೆ ಬೇಕಿತ್ತು ಅಂದ್ರೆ ನಾನು ಹೋಗ್ತೀನಿ," ಅಂದ.

"ನಿನ್ನನ್ನ ಯಾರೂ ಕೇಳಿಲ್ಲ. ತಿನ್ನು."

ಕೋಡಿಯ ಬಟ್ಟೆ ನೋಡಿ ಹೇಳು ಅನ್ನುವುದೇ ಗಿಬ್ ಅವಳನ್ನು ಕೇಳಿದ ಕೊನೆಯ ಮಾತು. ಅವಳು ಹೋಗಯ್ಯಾ ಅಂದಿದ್ದಳು. ನಲವತ್ತೆರಡು ವರ್ಷದಲ್ಲಿ ಸಾವಿರ ಸಲ ಹೋಗಯ್ಯಾ ಅಂದಿದ್ದಳು, ಅವನು ಒಂದು ಸಲವೂ ಹೋಗಿರಲಿಲ್ಲ.

"ಮರ್ಲ್, ಆ ಹುಡುಗ ಶನಿವಾರ ಹಾಕ್ಕೊಂಡಿದ್ದ ಬಟ್ಟೆ ತಾ," ಅಂದಳು. "ಒಗೆದಿರಬಾರ್ದು."

"ಬಟ್ಟೆನಾ? ಯಾಕೆ?"

"ನೀನು ದನ ಕೊಳ್ಳೋವಾಗ ಹಲ್ಲು ನೋಡಲ್ವಾ?"

ಮರುದಿನ ಪ್ಲಾಸ್ಟಿಕ್ ಚೀಲ ಬಂತು. ವಾಸನೆ ಗೇಟಿನಿಂದಲೇ ಬರುತ್ತಿತ್ತು. ಶನಿವಾರ ಪೈನ್ ಹಾರ್ಬರ್‌ನಲ್ಲಿ ಮಳೆ, ಮೈದಾನ ಕೆಸರು. ಆರ್ಡಿಸ್ ನೆಲಮಾಳಿಗೆಯ ಕಿಟಕಿಯ ಕೆಳಗೆ ಮೇಜಿನ ಮೇಲೆ ಬಟ್ಟೆ ಹರವಿ, ಕನ್ನಡಕ ಹಾಕಿಕೊಂಡಳು.

ಎದೆಯ ಮೇಲೆ ಹುಲ್ಲಿನ ಹಸಿರು, ಉದ್ದಕ್ಕೆ ಎಳೆದ ಹಾಗೆ. ಚೆಂಡಿಗೆ ಮೈ ಚೆಲ್ಲಿದ್ದಾನೆ. ಮೊಣಕೈ ಎರಡೂ ಕಪ್ಪು. ಭುಜದ ಮೇಲೆ ಕೆಂಪು ಬಣ್ಣದ ಗೀರು, ಒಂದಲ್ಲ, ನಾಲ್ಕು. ಎದುರು ತಂಡದ ಹೆಲ್ಮೆಟ್ ಕೆಂಪು. ಚೆಂಡು ತನಗೆ ಬಾರದಾಗಲೂ ಬೇರೆಯವರಿಗಾಗಿ ಹೋಗಿ ಗುದ್ದಿದ್ದಾನೆ. ಸೋಮಾರಿಯ ಭುಜ ಹೀಗಿರುವುದಿಲ್ಲ. ಇದನ್ನು ನೋಡಿದ್ದರೆ ಗಿಬ್ ಕುಣಿಯುತ್ತಿದ್ದ.

ಆಮೇಲೆ ಪ್ಯಾಂಟು. ಬಲ ಮಂಡಿಯಲ್ಲಿ ಕೆಸರು ಗಟ್ಟಿಯಾಗಿ ಒಣಗಿ ಚಿಪ್ಪಾಗಿತ್ತು. ಎಡ ಮಂಡಿ ಬಿಳಿ.

ಅಂಥ ಮಳೆಯಲ್ಲಿ, ಒಂದು ಮಧ್ಯಾಹ್ನವೆಲ್ಲ ಬಿದ್ದು ಎದ್ದವನ ಎಡ ಮಂಡಿ ನೆಲ ಮುಟ್ಟಿರಲಿಲ್ಲ. ಪ್ರತಿ ಸಲವೂ ಬಲಕ್ಕೇ ಬಿದ್ದಿದ್ದಾನೆ. ಆರ್ಡಿಸ್ ಎರಡು ಸಲ ನೋಡಿದಳು. ಬಟ್ಟೆ ಒಗೆದು ಹಗ್ಗಕ್ಕೆ ಹಾಕಿದಳು.

ಬಟ್ಟೆ ಒಯ್ಯಲು ಗುರುವಾರ ಕೋಡಿಯೇ ಬಂದ. ಕಡ್ಡಿಯ ಹಾಗಿದ್ದ. ಮೂರು ಮೆಟ್ಟಿಲು ಹತ್ತುವಾಗ ಮೂರು ಸಲವೂ ಬಲಗಾಲನ್ನೇ ಮುಂದಿಟ್ಟ.

"ಮೇಡಂ, ಗಿಬ್ ಅವರ ವಿಷಯ ಕೇಳಿ ಬೇಜಾರಾಯ್ತು."

"ಹೂಂ. ಎಡಗಾಲು ಯಾವಾಗಿಂದ?"

"ಏನು?"

"ಮಂಡಿ. ಯಾವಾಗಿಂದ ನೋವು?"

ಕೋಡಿ ಮೊದಲು ಅವಳ ಮುಖ ನೋಡಿದ, ಆಮೇಲೆ ಹಗ್ಗದ ಮೇಲಿದ್ದ ತನ್ನ ಪ್ಯಾಂಟು ನೋಡಿದ. "ಯಾರು ಹೇಳಿದ್ರು?"

"ಅದೇ ಹೇಳ್ತು. ಕೂತ್ಕೋ."

ಕೂತ. ಪೈ ಮುಂದಿಟ್ಟಳು. ಒಣದ್ರಾಕ್ಷಿಯ ಪೈ, ಮೇಲೆ ಚೀಸ್. ಅವನು ಒಂದು ತುಂಡು ಮುಗಿಸಿದ.

"ಆಟ ಆದ ಮೇಲೆ ಎರಡು ದಿನ ಊದಿರುತ್ತೆ," ಅಂದ ಕೊನೆಗೆ. "ನಡೆಯೋಕಾಗಲ್ಲ. ಅದಕ್ಕೇ ಅಭ್ಯಾಸಕ್ಕೆ ಹೋಗಲ್ಲ."

"ಮೀನು ಹಿಡಿಯೋಕೆ ಹೋಗ್ತೀಯ ಅಂತಾರಲ್ಲ?"

"ಮೀನು ಅಂದ್ರೆ ಬೈತಾರೆ, ಅಷ್ಟೆ. ಮಂಡಿ ಅಂದ್ರೆ ತೆಗೆದೇ ಹಾಕ್ತಾರೆ."

"ಒಂದಾದ್ರೂ ಮೀನು ಹಿಡಿದಿದೀಯಾ?"

"ನಂಗೆ ಮೀನಿನ ವಾಸನೆ ಆಗಲ್ಲ ಮೇಡಂ."

ಆರ್ಡಿಸ್‌ಗೆ ನಗು ಬಂತು. ಗಿಬ್ ಹೋದ ಮೇಲೆ ಅದೇ ಮೊದಲು. ತಡೆಯಲು ಹೋಗಿ ಕೆಮ್ಮಿದಳು. ಎದ್ದು ಫ್ರೀಜರ್ ತೆಗೆದಳು. ಬುಧವಾರದ ಹನ್ನೆರಡು ಲೋಟ ಹಾಗೇ ಇದ್ದವು. ಗಿಬ್ ತುಂಬಿದ್ದು. ಒಂದನ್ನು ತೆಗೆದು, ಅಂಚು ಹರಿದು, ಕೋಡಿಯ ಕೈಗೆ ಕೊಟ್ಟಳು.

"ಉಜ್ಜು. ಸುತ್ತ ಉಜ್ಜು, ಮೂಳೆ ಮೇಲಲ್ಲ."

ಶನಿವಾರ ಬೆಳಗ್ಗೆ ಮರ್ಲ್‌ಗೆ ಫೋನ್ ಮಾಡಿದಳು.

"ಹುಡುಗನನ್ನ ತಗೋತೀನಿ. ನಾರ್ಬ್‌ನನ್ನ ಕೊಡಲ್ಲ."

"ಹಾಗಂದ್ರೆ ಹೇಗಮ್ಮಾ? ಅಂಥ ಆಟಗಾರನನ್ನ ಸುಮ್ಮನೆ ಕೊಡ್ಲಾ?"

"ನೀನು ಎರಡು ಕಾಲಿನ ಹುಡುಗನ ಬೆಲೆ ಹೇಳ್ತಿದೀಯ. ಅವನು ಒಂದು ಕಾಲಲ್ಲಿ ಆಡ್ತಿದಾನೆ. ನಿಂಗೂ ಗೊತ್ತು."

"ಅದು ಹೋದ ವರ್ಷದ್ದು," ಅಂದ ಮರ್ಲ್, ಮೆಲ್ಲಗೆ.

"ಹೋದ ವರ್ಷದ್ದಾದ್ರೆ ಮಂಡಿಗೆ ಮಣ್ಣು ಹತ್ತಿರೋದು."

ಮರ್ಲ್‌ಗೆ ಏನೂ ಕೊಡದೆ ಆಗುವುದಿಲ್ಲ ಅಂತ ಅವಳಿಗೂ ಗೊತ್ತಿತ್ತು. ಅವನೂ ತನ್ನ ಊರಿನವರಿಗೆ ಮುಖ ತೋರಿಸಬೇಕು. ಗಿಬ್‌ನ ತಳ್ಳುಬಂಡಿ ಕೊಡುತ್ತೇನೆ ಅಂದಳು. ಹುಡುಗರು ಭುಜ ಕೊಟ್ಟು ನೂಕಿ ಬಲ ಬೆಳೆಸಿಕೊಳ್ಳುವ ಕಬ್ಬಿಣದ ಬಂಡಿ ಅದು. ಹಳೇ ಹುಲ್ಲಿನ ಗಾಡಿಯ ಚೌಕಟ್ಟಿಗೆ ಟ್ಯಾಂಕರಿನ ಸೀಟುಗಳ ಮೆತ್ತೆ ಕಟ್ಟಿ, ಒಂದು ಇಡೀ ಚಳಿಗಾಲ ಕೂತು ಗಿಬ್ ಬೆಸುಗೆ ಹಾಕಿ ಮಾಡಿದ್ದು. ಲೀಗಿನ ಎಂಟೂ ಊರುಗಳಲ್ಲಿ ಅಂಥದ್ದು ಇರಲಿಲ್ಲ. ಮರ್ಲ್‌ಗೆ ಅದರ ಮೇಲೆ ಎಷ್ಟೋ ವರ್ಷದಿಂದ ಕಣ್ಣು.

"ನಿಜವಾಗ್ಲೂ ಕೊಡ್ತೀಯಾ?"

"ಅದು ಕಬ್ಬಿಣ ಮರ್ಲ್. ನಾರ್ಬ್ ಮನುಷ್ಯ."

ಬಂಡಿಯನ್ನು ಎತ್ತಿ ಕಳಿಸಿದ್ದು ನಾರ್ಬ್‌ನೇ. ಕಣ್ಣು ಕೆಂಪಾಗಿತ್ತು. ಧೂಳು ಅಂದ. ಆವತ್ತಿಂದ ಹುಡುಗರು ನಾರ್ಬ್‌ನ ಟ್ರಕ್ಕನ್ನು ನ್ಯೂಟ್ರಲ್‌ನಲ್ಲಿಟ್ಟು ನೂಕುತ್ತಾರೆ. ಒಂದು ಸಲ ಇಳಿಜಾರು ಸಿಕ್ಕಿ ಟ್ರಕ್ಕು ಪಾದ್ರಿಯವರ ಜೋಳದ ಹೊಲಕ್ಕೆ ನುಗ್ಗಿತು.

ತಂಡದ ತರಬೇತಿ ನಾರ್ಬ್ ವಹಿಸಿಕೊಂಡ. ಕೋಡಿಯನ್ನು ಆರ್ಡಿಸ್ ಐದು ವಾರ ಆಡಿಸಲಿಲ್ಲ. ಊರಿನವರು ಬೈದರು. ಬಂಡಿ ಕೊಟ್ಟು ಬೆಂಚು ಬೆಚ್ಚಗೆ ಮಾಡುವವನನ್ನು ತಂದಳು ಅಂದರು. ಅಂಗಡಿಯಲ್ಲಿ ಅವಳ ಎದುರಿಗೇ ಅಂದರು. "ನಿಮ್ಮ ಮಂಡಿ ಕೊಡಿ, ಅವನಿಗೆ ಹಾಕಿ ಆಡಿಸ್ತೀನಿ," ಅಂದು ಬೆಣ್ಣೆ ತೆಗೆದುಕೊಂಡು ಬಂದಳು. ಕೋಡಿ ದಿನವೂ ಕೆಲಸಕ್ಕೆ ಹೋಗುವ ಮುಂಚೆ ಬಂದು, ಅಡುಗೆಮನೆಯಲ್ಲಿ ಕಾಲು ಚಾಚಿ ಕೂತು ಎರಡು ಲೋಟ ಉಜ್ಜಿಕೊಂಡು ಹೋಗುತ್ತಿದ್ದ. ಮೊದಲ ವಾರ ಗೊಣಗಿದ. ಎರಡನೇ ವಾರದಿಂದ ಪೈ ಕೇಳತೊಡಗಿದ.

ಕೊನೆಯ ಆಟ ಅಕ್ಟೋಬರಿನಲ್ಲಿ, ಪೈನ್ ಹಾರ್ಬರ್ ಮೇಲೆಯೇ. ಕೋಡಿಯನ್ನು ಮೈದಾನಕ್ಕೆ ಬಿಟ್ಟರು. ನಾಲ್ಕು ಚೆಂಡು ಹಿಡಿದ. ನಾಲ್ಕನೆಯದನ್ನು ಒಂದೇ ಕೈಯಲ್ಲಿ, ಮೂಲೆಯಲ್ಲಿ, ಇಬ್ಬರ ನಡುವೆ ಹಾರಿ ಹಿಡಿದಾಗ ಪೈನ್ ಹಾರ್ಬರಿನವರೂ ಎದ್ದು ನಿಂತರು. ಆದರೂ ಮಿಲ್ಕ್‌ಮೆನ್ ಎರಡು ಅಂಕದಿಂದ ಸೋತರು. ಮರ್ಲ್ ಬಂದು, "ನನ್ನ ಹುಡುಗ್ರಿಗೆ ಆ ಬಂಡಿ ನೂಕಿ ನೂಕಿ ಒಳ್ಳೇ ಬಲ ಬಂತಮ್ಮಾ," ಅಂದ. "ನೂಕು, ನೂಕು," ಅಂದಳು ಆರ್ಡಿಸ್. "ಮುಂದಿನ ವರ್ಷ ನೋಡ್ಕೋತೀವಿ."

ಭಾನುವಾರ ಬೆಳಗ್ಗೆ ನೆಲಮಾಳಿಗೆಗೆ ಇಳಿದಳು. ಮೊದಲು ಕೋಡಿಯ ಪ್ಯಾಂಟು ಹುಡುಕಿ ಮೇಜಿನ ಮೇಲೆ ಹರವಿದಳು. ಬಲ ಮಂಡಿ ಕಪ್ಪು. ಎಡ ಮಂಡಿಯೂ ಕಪ್ಪು. ಹುಲ್ಲು ಬೇರು ಸಮೇತ ಅಂಟಿತ್ತು. ಅವಳು ಹೇಳಲೆಂದು ಮೆಟ್ಟಿಲ ಕಡೆ ತಿರುಗಿದಳು. ಕೇಳಿದವನು ಅಲ್ಲಿರಲಿಲ್ಲ. ಪ್ಯಾಂಟನ್ನು ತಣ್ಣೀರಿನಲ್ಲಿ ನೆನೆಹಾಕಿದಳು. ಒಗೆಯದೆ ಎತ್ತಿಡುವ ಹೆಂಗಸಲ್ಲ ಅವಳು.

ಇದಾಗಿ ಮೂರು ವರ್ಷವಾಯಿತು. ಅವಳ ಬಟಾಣಿ ಈಗ ಪಕ್ಕದ ಮನೆಯ ಫ್ರೀಜರಿನಲ್ಲಿದೆ. ಚಳಿಗಾಲದಲ್ಲಿ ಆಟವಿಲ್ಲ, ಹೊರಗೆಲ್ಲ ಮಂಜೇ ಬಿದ್ದಿರುತ್ತದೆ, ಯಾರಿಗೂ ಲೋಟ ಬೇಕಿಲ್ಲ. ಆದರೂ ಬೆಳಗ್ಗೆ ಎದ್ದವಳು ನಲ್ಲಿಯ ಹತ್ತಿರ ಕಾಗದದ ಲೋಟಗಳನ್ನು ಸಾಲಾಗಿ ಇಟ್ಟು ನೀರು ತುಂಬುತ್ತಾಳೆ. ಹನ್ನೆರಡು. ತಟ್ಟೆಯ ಮೇಲೆ ಜೋಡಿಸಿ ಫ್ರೀಜರಿನಲ್ಲಿಡುತ್ತಾಳೆ. ಬಾಗಿಲನ್ನು ಸೊಂಟದಿಂದ ಒತ್ತುತ್ತಾಳೆ.